ಸಹಾಯ ಬೇಕು: 'ತನಗೆ' ಅಂದ್ರೆ ಯಾರಿಗೆ?

ಎಲ್ರಿಗೂ ನಮಸ್ಕಾರ. ಎಂಎ ಭಾಷಾಶಾಸ್ತ್ರದ ಪ್ರಾಜೆಕ್ಟ್‌ಗೆ ಸ್ವಲ್ಪ ಸಹಾಯ ಬೇಕಿತ್ತು. 'ಸುರೇಶ ತನಗೆ ಬೈದ ಅಂತ ರವಿ ಹೇಳ್ದ', ಇದನ್ನ ಓದಿದ್ರೆ ಬೈಸ್ಕೊಂಡಿದ್ದು ರವಿ ಅಂತ ನಮಗೆ ತಟ್ಟನೆ ಗೊತ್ತಾಗತ್ತೆ, ಆದ್ರೆ ಇಂಗ್ಲಿಷಲ್ಲಿ 'ಹಿಮ್‌ಸೆಲ್ಫ್' ಹಾಕಿದ್ರೆ ಅದು ಸುರೇಶನಿಗೇ ಅಂಟ್ಕೊಳತ್ತೆ, ಭಾಷಾಶಾಸ್ತ್ರಜ್ಞ ಚಾಮ್ಸ್ಕಿ 1981ರಲ್ಲಿ ಬರೆದ ಬೈಂಡಿಂಗ್ ನಿಯಮನೂ (ವಾಕ್ಯದಲ್ಲಿ ಇಂಥ ಪದ ಯಾರನ್ನ ಸೂಚಿಸಬಹುದು ಅನ್ನೋ ನಿಯಮ) ಅದನ್ನೇ ಹೇಳೋದು. ಕನ್ನಡ ಆಮೇಲೆ ಕಲಿತವ್ರು ಇಂಗ್ಲಿಷ್ ಲೆಕ್ಕದಲ್ಲೇ ಓದ್ತಾರಾ ಅನ್ನೋದು ನನ್ನ ಪ್ರಶ್ನೆ. 'ತನಗೆ' ಬದಲು 'ಅವನಿಗೆ' ಅಂತ ಹಾಕಿದ್ರೆ ಇನ್ನೂ ಗೋಜಲು, ರವಿನೂ ಆಗಬಹುದು, ಮೂರನೇ ಯಾರೋ ಆಗಬಹುದು! ನಿಮ್ಮ ಆಫೀಸಲ್ಲಿ, ಪಕ್ಕದ ಮನೇಲಿ ಕನ್ನಡ ಕಲಿತು ಓದೋಕೆ ಬರೋರು ಇದ್ರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಮನೆಮಾತು ಕನ್ನಡ ಇರೋರೂ ಬೇಕು, ಆದ್ರೆ ಉತ್ತರ ಇಲ್ಲೇ ಕಾಮೆಂಟಲ್ಲಿ ಹಾಕ್ಬೇಡಿ ಪ್ಲೀಸ್, ಬೇರೆಯವ್ರು ನೋಡಿ ಅದನ್ನೇ ಬರೀತಾರೆ.