ಆರು ವರ್ಷದ ಮೆಣಸಿನಕಾಯಿ ವ್ಯಾಪಾರಿಯನ್ನು ಬಿಟ್ಟುಬಿಡಬೇಕಾ?

ಪ್ರಶ್ನೆ: ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಮಸಾಲೆ ಪುಡಿ ಘಟಕ ಇದೆ. ತಿಂಗಳಿಗೆ ಹೆಚ್ಚುಕಮ್ಮಿ ಒಂದು ಟನ್ ಬ್ಯಾಡಗಿ ಮೆಣಸಿನಕಾಯಿ ಬೇಕು. ಆರು ವರ್ಷದಿಂದ ಒಬ್ಬರೇ ವ್ಯಾಪಾರಿ ಕಳಿಸುತ್ತಿದ್ದಾರೆ. ಮೊದಲೆಲ್ಲ ಕಣ್ಣು ಮುಚ್ಚಿ ಇಳಿಸಿಕೊಳ್ಳುತ್ತಿದ್ದೆವು. ಈ ವರ್ಷ ಬಂದ ಮೂರು ಲಾಟಿನಲ್ಲಿ ಎರಡಕ್ಕೆ ಬಣ್ಣವೇ ಇಲ್ಲ, ಖಾರ ಬೇರೆ ಜಾಸ್ತಿ. ಕೇಳಿದರೆ "ಈ ಸಲ ಮಾಲೇ ಹಾಗೆ ಮೇಡಂ" ಅನ್ನುತ್ತಾರೆ. ಇನ್ನೊಬ್ಬರು ಕೆಜಿಗೆ 12 ರೂಪಾಯಿ ಕಮ್ಮಿಗೆ ಕೊಡುತ್ತೇನೆ ಅಂತ ಬಂದಿದ್ದಾರೆ. ಬದಲಾಯಿಸಿಬಿಡಲಾ?

ಉತ್ತರ (ಆಹಾರ ಘಟಕಗಳಲ್ಲಿ 22 ವರ್ಷ ಖರೀದಿ ನೋಡಿಕೊಂಡವನು): ತಡೆಯಿರಿ. ಬಣ್ಣ ಮಾತ್ರ ಹೋಗಿದ್ದರೆ ಅದು ಕೋಲ್ಡ್ ಸ್ಟೋರೇಜ್ ಹೊರಗೆ ಬಿದ್ದಿದ್ದ ಹಳೇ ಮಾಲು ಅನ್ನುತ್ತಿದ್ದೆ. ಬೆಳಕಿಗೆ, ಸೆಖೆಗೆ ಬಣ್ಣ ಇಳಿಯುತ್ತದೆ. ಆದರೆ ಇಟ್ಟ ಮೆಣಸಿನಕಾಯಿಗೆ ಖಾರ ಹೆಚ್ಚುವುದಿಲ್ಲ. ಬ್ಯಾಡಗಿಯ ಹೆಸರಿರುವುದೇ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ. ಅದರ ಎರಡು ಬಗೆಯಲ್ಲಿ ಡಬ್ಬಿ ಆಗಲಿ, ಕಡ್ಡಿ ಆಗಲಿ. ನಿಮ್ಮದು ಎರಡೂ ಉಲ್ಟಾ. ನನ್ನ ಅನುಮಾನ, ಬೇರೆ ತಳಿ ಸೇರಿದೆ.

ಆದರೂ ಬಿಡಿ ಅನ್ನುವ ಮುಂಚೆ ಮೂರು ವಿಷಯ ಹೇಳಿ. ಆರ್ಡರ್‌ನಲ್ಲಿ ಏನು ಬರೆಯುತ್ತೀರಿ? ಇಳಿಸಿಕೊಳ್ಳುವಾಗ ಏನು ನೋಡುತ್ತೀರಿ? ದುಡ್ಡು ಎಷ್ಟು ದಿನಕ್ಕೆ ಕೊಡುತ್ತೀರಿ?

ಪ್ರಶ್ನೆ: ವಾಟ್ಸಾಪ್‌ನಲ್ಲಿ "ಬ್ಯಾಡಗಿ ಒಂದು ಟನ್ ಕಳಿಸಿ" ಅಂತ ಹಾಕುತ್ತೇನೆ. ತೂಕ ನೋಡುತ್ತೇವೆ, ಅಷ್ಟೇ. ದುಡ್ಡು ಮೊದಲು 30 ದಿನಕ್ಕೆ ಕೊಡುತ್ತಿದ್ದೆವು. ಈಗ ಒಂದು ವರ್ಷದಿಂದ 80 ದಿನ ಆಗುತ್ತಿದೆ. ನಮಗೂ ಅಂಗಡಿಯವರು ತಡ ಮಾಡುತ್ತಾರೆ, ಏನು ಮಾಡೋದು?

ಉತ್ತರ: ಅಲ್ಲಿದೆ ನೋಡಿ ಗಂಟು.

ಅವರ ಗೋದಾಮಿನಲ್ಲಿ ಬೆಳಿಗ್ಗೆ ಹತ್ತು ಜನ ಗಿರಾಕಿಗಳ ಚೀಲ ಹೊರಡುತ್ತವೆ. ಎಂಟು ದಿನಕ್ಕೆ ದುಡ್ಡು ಹಾಕುವವರಿಗೆ ಯಾವ ಚೀಲ ಹೋಗುತ್ತದೆ, 80 ದಿನದವರಿಗೆ ಯಾವುದು ಹೋಗುತ್ತದೆ ಅಂತ ಹೇಳಬೇಕಿಲ್ಲ. ಕೆಜಿಗೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಹೆಚ್ಚುವರಿ 50 ದಿನಕ್ಕೆ ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ ಹಾಕಿದರೆ ಕೆಜಿಗೆ 5 ರೂಪಾಯಿ. ಆ 5 ರೂಪಾಯಿಗೆ ದರ ಏರಿಸಿದರೆ ನೀವು ಜಗಳ ತೆಗೆಯುತ್ತೀರಿ. ಹಾಗಾಗಿ ಚೀಲದೊಳಗೆ ತೆಗೆದರು. ಬೆರಕೆ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಮೋಸ ಮೋಸವೇ. ಆದರೆ ನಿಮ್ಮ 80 ದಿನ ಹೊಸಬರ ಹತ್ತಿರವೂ ನಿಮ್ಮ ಜೊತೆಗೇ ಬರುತ್ತದೆ.

ಇನ್ನು ಆ 12 ರೂಪಾಯಿ. ಒಂದು ತೇವಾಂಶ ಮೀಟರ್ ಕೊಳ್ಳಿ. ಆಹಾರ ಸುರಕ್ಷತಾ ನಿಯಮದಲ್ಲಿ ಒಣಮೆಣಸಿನಕಾಯಿಗೆ ತೇವಾಂಶ 11 ಪರ್ಸೆಂಟ್ ಮೀರುವಂತಿಲ್ಲ. ಬಂದದ್ದು 14 ಇದ್ದರೆ, ಒಂದು ಟನ್ ಒಣಗಿ 11ಕ್ಕೆ ಬರುವ ಹೊತ್ತಿಗೆ 966 ಕೆಜಿ ಉಳಿಯುತ್ತದೆ. ಅಂದರೆ 34 ಕೆಜಿ ನೀರಿಗೆ ಮೆಣಸಿನಕಾಯಿ ರೇಟು ಕೊಟ್ಟಿರಿ! ಕೆಜಿಗೆ 7 ರೂಪಾಯಿ ಅಲ್ಲೇ ಹೋಯಿತು. ತೊಟ್ಟು ತೆಗೆದ ಮಾಲೋ, ತೊಟ್ಟಿನ ಸಮೇತವೋ ಅಂತ ಕೇಳಿದಿರಾ? ಉಳಿದ 5 ರೂಪಾಯಿಯ ಕಥೆ ಅಲ್ಲಿ ಮುಗಿಯುತ್ತದೆ.

ಆರ್ಡರ್ ಕಾಗದದ ಮೇಲೆ ಬರಲಿ. ಡಬ್ಬಿಯೋ ಕಡ್ಡಿಯೋ, ತೊಟ್ಟು, ತೇವಾಂಶ, ಬಣ್ಣದ ಆಸ್ಟಾ ಸಂಖ್ಯೆ (ಬಣ್ಣ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ಅಳೆಯುವ ಲೆಕ್ಕ). ಪ್ರತಿ ಲಾಟಿನ ಸ್ಯಾಂಪಲ್ ಲ್ಯಾಬ್‌ಗೆ ಹೋಗಲಿ. ಚೀಲಕ್ಕೆ ಲಾಟ್ ನಂಬರ್ ಬರೆದು, ಯಾವ ಲಾಟ್ ಯಾವ ದಿನದ ಪುಡಿಗೆ ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಇದು ದೊಡ್ಡ ಕಂಪನಿಗಳ ಕೆಲಸ ಅನ್ನಬೇಡಿ. 2005ರಲ್ಲಿ ಬ್ರಿಟನ್‌ನಲ್ಲಿ ಸುಡಾನ್ 1 ಅನ್ನುವ ಬಣ್ಣ ಬೆರೆತ ಖಾರದ ಪುಡಿ ಒಂದು ಸಾಸ್‌ಗೆ ಹೋಯಿತು. ಆ ಸಾಸ್ ಮತ್ತೆ ಸೂಪು, ರೆಡಿಮೇಡ್ ಊಟಗಳಿಗೆ ಹೋಯಿತು. ಕೊನೆಗೆ ನೂರಾರು ಬಗೆಯ ತಿನಿಸು ಅಂಗಡಿಗಳಿಂದ ವಾಪಸ್ ಬಂದವು. ನಿಮ್ಮ ಪುಡಿಯ ಮೇಲೆ ದೂರು ಬಂದರೆ ವಾಪಸ್ ತರಿಸಬೇಕಾದ್ದು 40 ಪ್ಯಾಕೆಟ್ಟೋ, ಆರು ತಿಂಗಳ ಮಾಲೋ ಅನ್ನುವುದನ್ನು ಆ ನೋಟ್‌ಬುಕ್ಕೇ ಹೇಳಬೇಕು.

ಮಧ್ಯೆ ಒಬ್ಬರು (ಪೀಣ್ಯದಲ್ಲಿ ಮಶೀನ್ ಶಾಪ್): ನಾನು ಆಚೆ ಕಡೆಯವನು, ಮಾಲು ಕೊಡುವವನು. ತಡ ಮಾಡುವ ಗಿರಾಕಿಗಿಂತ ಫೋನ್ ಎತ್ತದ ಗಿರಾಕಿ ಮೇಲೆ ಸಿಟ್ಟು ಜಾಸ್ತಿ. "20ನೇ ತಾರೀಕು ಅರ್ಧ ಹಾಕುತ್ತೇನೆ" ಅಂತ ಅಂದು, ಹಾಗೇ ಹಾಕಿದರೆ ಅವರ ಕೆಲಸವನ್ನು ನಾನು ರಾತ್ರಿ ಪಾಳಿಯಲ್ಲಾದರೂ ಮುಗಿಸುತ್ತೇನೆ. ಅಂದಹಾಗೆ 45 ದಿನದೊಳಗೆ ಕೊಡಲೇಬೇಕು ಅನ್ನುವ ಕಾನೂನು ಇದೆಯಲ್ಲ, ಅದು ಇವರಿಗೂ ಬರುತ್ತಾ?

ಉತ್ತರ: ನಿಮ್ಮ ಮಾತು ನೂರಕ್ಕೆ ನೂರು ಸರಿ.

ಕಾನೂನು 2006ರ ಎಂಎಸ್ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯದು. ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್‌ನಲ್ಲಿ ಇದಕ್ಕೆ ಆದಾಯ ತೆರಿಗೆಯನ್ನೂ ಕಟ್ಟಿದರು. ಗಡುವು ಮೀರಿದ ಬಾಕಿ ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಅಂತ ಲೆಕ್ಕಕ್ಕೆ ಬರುತ್ತದೆ. ಆದರೆ ಇದು ಉದ್ಯಮ್ ನೋಂದಣಿ ಇರುವ ಸಣ್ಣ, ಅತಿ ಸಣ್ಣ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ವ್ಯಾಪಾರಿಗಳಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಮೇಡಂ, ಮೆಣಸಿನಕಾಯಿಯವರ ವಿಷಯದಲ್ಲಿ ಅಲ್ಲ, ನಿಮಗೆ ಪೌಚ್ ಮಾಡಿಕೊಡುವವರ ವಿಷಯದಲ್ಲಿ ಹುಷಾರು. ಜಿಎಸ್‌ಟಿಯಲ್ಲೂ 180 ದಿನ ಮೀರಿ ದುಡ್ಡು ಕೊಡದಿದ್ದರೆ ಖರೀದಿಯ ತೆರಿಗೆಗೆ ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್.

ಇನ್ನೊಬ್ಬರು: ಮಧ್ಯವರ್ತಿ ಯಾಕೆ? ಸೀದಾ ರೈತರಿಂದ ಕೊಂಡರೆ ಆಗಲ್ವಾ?

ಉತ್ತರ: ಆಗುತ್ತದೆ, ಜೇಬು ಗಟ್ಟಿ ಇದ್ದರೆ. ಮಾಲು ಬರುವುದು ಮುಖ್ಯವಾಗಿ ಜನವರಿಯಿಂದ ಏಪ್ರಿಲ್-ಮೇ ತನಕ. ಇವರಿಗೆ ವರ್ಷಕ್ಕೆ 12 ಟನ್ ಬೇಕು. ಅದೇ 200ರ ಲೆಕ್ಕದಲ್ಲಿ 24 ಲಕ್ಷ ಸೀಸನ್‌ನಲ್ಲೇ ಸುರಿಯಬೇಕು. ಮೇಲೆ ಕೋಲ್ಡ್ ಸ್ಟೋರೇಜ್ ಬಾಡಿಗೆ. ದರ ಬಿದ್ದರೆ ಆ ನಷ್ಟವೂ ನಿಮ್ಮದೇ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಸ್ಫೋಟಿಸಿ ವಾಹನಗಳು ಸುಟ್ಟದ್ದು ನೆನಪಿದೆಯಲ್ಲ? ಆ ಏರಿಳಿತವನ್ನು ವ್ಯಾಪಾರಿ ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾನೆ. ಅವನು ಇವರ ಗೋದಾಮು, ಇವರ ಬ್ಯಾಂಕು ಎರಡೂ. ರೈತರ ಉತ್ಪಾದಕ ಕಂಪನಿಯಿಂದ ಸೀಸನ್‌ನಲ್ಲಿ ಒಂದೆರಡು ಟನ್ ಕೊಂಡು ನೋಡಿ, ತಪ್ಪಿಲ್ಲ.

ಪ್ರಶ್ನೆ: ಹಾಗಾದರೆ ಹೊಸಬರಿಗೆ ಬೇಡ ಅನ್ನಲಾ?

ಉತ್ತರ: ಬೇಡ ಅನ್ನಬೇಡಿ. ತಿಂಗಳ ಮಾಲಿನಲ್ಲಿ ಕಾಲು ಭಾಗ ಅವರಿಗೆ ಕೊಡಿ, ಅದೇ ಕಾಗದ, ಅದೇ ಮೀಟರ್. ಆದರೆ ಪ್ರತಿ ತಿಂಗಳೂ ಕೊಡಿ. ಹಳಬರನ್ನು ಹೆದರಿಸಲು ಮಾತ್ರ ಅವರ ಕೊಟೇಶನ್ ಬಳಸಿದರೆ ಆ ಸುದ್ದಿ ವಾರದೊಳಗೆ ಮಾರ್ಕೆಟ್ ತುಂಬ ಇರುತ್ತದೆ. ಬ್ಯಾಡಗಿ ಚಿಕ್ಕ ಊರು.

ಪ್ರಶ್ನೆ: ಈಗ ತಾನೇ ಹಳಬರಿಗೆ ಫೋನ್ ಮಾಡಿದೆ. "ಗುರುವಾರ ಮಾರ್ಕೆಟ್‌ನಲ್ಲಿ ಮಾಲು ಹರಾಜಾಗುವ ಟೆಂಡರ್ ಇದೆ, ಬನ್ನಿ, ನೀವೇ ಮಾಲು ನೋಡಿ" ಅಂದರು. ಏನಂತ ಮಾತು ಶುರು ಮಾಡಲಿ?

ಉತ್ತರ: ಹಳೇ ಬಾಕಿಯಲ್ಲಿ ಆದಷ್ಟು ಬುಧವಾರವೇ ಹಾಕಿಬಿಡಿ, ಉಳಿದದ್ದಕ್ಕೆ ತಾರೀಕು ಹೇಳಿ. ಆಮೇಲೆ ಆ ಎರಡು ಲಾಟಿನ ಒಂದೊಂದು ಕೆಜಿಯನ್ನು, ಒಳ್ಳೆಯ ಲಾಟಿನ ಒಂದು ಕೆಜಿ ಜೊತೆ, ಅವರ ಮೇಜಿನ ಮೇಲೆ ಸುರಿಯಿರಿ. ಏನೂ ಅನ್ನಬೇಡಿ, ಅವರೇ ಮಾತಾಡಲಿ. ಗೋದಾಮಿನಲ್ಲಿ ಚೀಲದ ಬಾಯಲ್ಲಿರುವುದನ್ನು ನೋಡಿ ಬರಬೇಡಿ. ಕೈ ಮೊಣಕೈ ತನಕ ಒಳಗೆ ಹೋಗಲಿ. ಆ ಕೈಯಲ್ಲಿ ಕಣ್ಣು ಮಾತ್ರ ಮುಟ್ಟಿಕೊಳ್ಳಬೇಡಿ.