ಹರ್ಡಲ್ಸ್ ‘ಅಡೆತಡೆ ಓಟ’ವಾದರೆ ಸ್ಟೀಪಲ್‌ಚೇಸ್ ಏನು?

ಧಾರವಾಡದಿಂದ, ಪ್ರಶ್ನೆ

ಮಾನ್ಯರೆ,

ಓಟ, ಜಿಗಿತ, ಎಸೆತಗಳ ಚರಿತ್ರೆಯನ್ನೂ ಹೆಸರಾಂತ ಓಟಗಾರರ ಬದುಕನ್ನೂ ಹೇಳುವ ಮಕ್ಕಳ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಪುಟಗಳು ಗದಗಿನ ಮುದ್ರಣಾಲಯಕ್ಕೆ ಹೋಗಬೇಕು. ಒಂದು ಶಬ್ದಕ್ಕಾಗಿ ಎರಡು ಪುಟಗಳು ನಿಂತಿವೆ.

ಮೊದಲ ಪುಟ ಪಿ.ಟಿ. ಉಷಾ ಅವರದು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಮೊದಲ ಸಲ ಸೇರಿದ 1984ರ ಲಾಸ್ ಏಂಜಲೀಸ್ ಕೂಟದಲ್ಲಿ ಅವರು 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಕಂಚಿನ ಪದಕ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ತಪ್ಪಿತು. ಇನ್ನೊಂದು ಪುಟ, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ 8 ನಿಮಿಷ 19.50 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದ ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ ಅವರದು. ಎರಡಕ್ಕೂ ನಾನು ‘ಅಡೆತಡೆ ಓಟ’ ಎಂದೇ ಬರೆದಿದ್ದೆ. ಐದನೆಯ ಇಯತ್ತೆಯಲ್ಲಿ ಓದುವ ನನ್ನ ಮಗ ಕರಡಿನ ಎರಡೂ ಪುಟಗಳಲ್ಲಿ ದಾಟಬೇಕಾದ ಅಡ್ಡಗಳ ಅಂಕಿಗಳಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ ತಂದು, “ಅವ್ವಾ, ಇಲ್ಲಿ ಹತ್ತು ಅಂತ ಐತಿ, ಅಲ್ಲಿ ಮೂವತ್ತೈದು ಅಂತ ಐತಿ. ಯಾವುದು ತಪ್ಪು?” ಎಂದು ಕೇಳಿದ. ಅಂಕಿಗಳೆರಡೂ ಸರಿ, ತಪ್ಪಿದ್ದು ನನ್ನ ಶಬ್ದ. ಎರಡು ಓಟಗಳಿಗೆ ಎರಡು ಹೆಸರು ಬೇಕಾಗಿವೆ.

ಗದಗಿನಿಂದ

‘ಅಡೆತಡೆ’ ಇಲ್ಲಿ ನಿಲ್ಲುವ ಶಬ್ದವೇ ಅಲ್ಲ. ಅದು ತೊಂದರೆಯನ್ನು ಹೇಳುವ ಜೋಡುನುಡಿ, ವಸ್ತುವಾಚಕವಲ್ಲ. ಕೆಲಸ ಅಡೆತಡೆಯಿಲ್ಲದೆ ಸಾಗಿತು ಎನ್ನುತ್ತೇವೆಯೇ ಹೊರತು ಅಂಗಳದಲ್ಲಿ ನಾಲ್ಕು ಅಡೆತಡೆ ನಿಲ್ಲಿಸಿದೆವು ಎನ್ನುವುದಿಲ್ಲ. ಹುಡುಗ ಎಡವಿದ್ದು ಅಲ್ಲಿಯೇ. ಹಾಗೆಂದು ‘ಹರ್ಡಲ್ಸ್‌ಗಳು’ ಎಂದು ಬರೆದು, ಇಂಗ್ಲಿಷಿನ ಬಹುವಚನದ ಮೇಲೆ ಕನ್ನಡದ ಬಹುವಚನವನ್ನು ಹೇರಿ ಮಕ್ಕಳ ಕೈಗೆ ಕೊಡುವುದು ಇನ್ನೂ ದೊಡ್ಡ ತಪ್ಪು.

ಆ ಇಂಗ್ಲಿಷ್ ಶಬ್ದ ಹುಟ್ಟಿದ್ದು ಕುರಿ ಕಾಯುವವರ ನಡುವೆ. ಕಡ್ಡಿಗಳನ್ನು ಹೆಣೆದು ಮಾಡಿದ, ಇಂದು ಈ ಹೊಲದಲ್ಲಿ ನಿಲ್ಲಿಸಿ ನಾಳೆ ಕಿತ್ತು ಬೇರೊಂದು ಹೊಲಕ್ಕೆ ಒಯ್ಯಬಹುದಾದ ಕುರಿದಡ್ಡಿಯ ಬೇಲಿಗೆ ಅಲ್ಲಿ ಆ ಹೆಸರಿತ್ತು, ಇಂಗ್ಲೆಂಡಿನ ಮೊದಮೊದಲ ಓಟಗಾರರು ಹಾರಿದ್ದೂ ಆ ಬೇಲಿಯನ್ನೇ. ಹೆಣೆದ ಅಂಥ ಅಡ್ಡಕ್ಕೆ ಕನ್ನಡದಲ್ಲಿ ‘ತಟ್ಟಿ’ ಎಂಬ ಶಬ್ದ ಸಿದ್ಧವಾಗಿದೆ. ‘ತಟ್ಟಿಯೋಟ’ ಎನ್ನಿರಿ: ಯಕಾರಾಗಮ ಸಹಜವಾಗಿದೆ, ಅರಿಸಮಾಸದ ಮಾತೇ ಬರುವುದಿಲ್ಲ.

ಹುಬ್ಬಳ್ಳಿಯಿಂದ

ತಟ್ಟಿ ಬೇಡವೇ ಬೇಡ. ಹುಬ್ಬಳ್ಳಿಯ ಶಾಲೆಗಳಲ್ಲಿ ಉರ್ದು, ಹಿಂದಿ ಬಲ್ಲ ಮಕ್ಕಳು ಕನ್ನಡದ ಮಕ್ಕಳ ಪಕ್ಕದಲ್ಲಿಯೇ ಕುಳಿತಿರುತ್ತಾರೆ, ಆ ಭಾಷೆಗಳಲ್ಲಿ ಇದನ್ನೇ ಹೋಲುವ ‘ಟಟ್ಟಿ’ ಎಂದರೆ ಮಲ. ಉಷಾ ಅವರ ಪಾಠವನ್ನು ಗಟ್ಟಿಯಾಗಿ ಓದಲು ಎದ್ದು ನಿಂತ ಹುಡುಗಿ ಇಡೀ ವರ್ಗದ ನಗೆಗೆ ಗುರಿಯಾಗುತ್ತಾಳೆ. ವ್ಯುತ್ಪತ್ತಿ ಎಷ್ಟೇ ಚೆನ್ನಾಗಿದ್ದರೂ ಆ ಹುಡುಗಿಯನ್ನು ಅಲ್ಲಿ ನಿಲ್ಲಿಸುವ ಹಕ್ಕು ನಮಗಿಲ್ಲ.

ನಾನು ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಸಲಕರಣೆ ಇಲ್ಲದಾಗ ಇಟ್ಟಂಗಿಗಳನ್ನು ಎರಡು ಕಡೆ ಪೇರಿಸಿ, ಮೇಲೆ ಒಂದು ಬಿದಿರ ಗಳ ಅಡ್ಡ ಇಡುತ್ತಿದ್ದೆವು. ಅದನ್ನೂ ಮಕ್ಕಳು ‘ಹರ್ಡಲ್’ ಎಂದೇ ಕರೆದರು. ಗಳ ಉರುಳಿದರೆ ಹೆದರಿ ನಿಲ್ಲುತ್ತಿದ್ದರು. ‘ಹರ್ಡಲ್ ಬಿದ್ರ ಬೀಳ್ಲಿ, ನೀ ಓಡು’ ಎಂದು ನಾನು ಕೂಗುತ್ತಿದ್ದುದು ಬರಿಯ ಹುರಿದುಂಬಿಸುವ ಮಾತಲ್ಲ, ಆಟದ ನಿಯಮ: ಬೇಕೆಂದು ಕೆಡವದಿದ್ದರೆ, ಕಾಲು ತಾಗಿ ಬಿದ್ದದ್ದು ತಪ್ಪಾಗುವುದಿಲ್ಲ. ಮುಂದಕ್ಕೆ ಸುಲಭವಾಗಿ ಉರುಳುವ ಈಗಿನ ಹರ್ಡಲ್ ಬಂದದ್ದು 1935ರಲ್ಲಿ. ನೆಲಕ್ಕೆ ಊರಿದ ಕುರಿಬೇಲಿ ಅದಕ್ಕೂ ಮೊದಲೇ ಆಟದಿಂದ ಹೊರಗೆ ಹೋಗಿತ್ತು, ಅದರೊಂದಿಗೆ ತಟ್ಟಿಯ ಹೋಲಿಕೆಯೂ ಹೋಯಿತು.

ಇನ್ನು ಎರವಲು ಎಂಬ ಆಕ್ಷೇಪ. ಕುಸ್ತಿಯೂ ಪೈಲ್ವಾನನೂ ಪಾರಸಿಯಿಂದ ಬಂದವರು. ನಮ್ಮ ಜಾತ್ರೆಗಳ ಗಾಡಿ ಓಟದ ಪಂದ್ಯವಾದ ಗಾಡಾ ಶರ್ಯತ್ತಿನ ‘ಶರ್ಯತ್ತು’ ಅರಬ್ಬಿಯಲ್ಲಿ ಹುಟ್ಟಿ ಮರಾಠಿಯ ದಾರಿಯಿಂದ ನಮ್ಮಲ್ಲಿಗೆ ಬಂದಿತು. ಗದಗಿನವರು ಇವುಗಳನ್ನೂ ಹೊರಗೆ ಹಾಕುತ್ತಾರೆಯೆ?

ಗದಗಿನಿಂದ, ಮತ್ತೆ

ಮಾಸ್ತರರ ಮೊದಲ ಮಾತನ್ನು ಒಪ್ಪಿದ್ದೇನೆ; ಮಗುವಿಗೆ ಅವಮಾನವಾಗುವ ಶಬ್ದ ನನಗೂ ಬೇಡ, ತಟ್ಟಿಯನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡನೆಯ ಮಾತನ್ನು ಒಪ್ಪಲಾರೆ. ‘ಕುಸ್ತಿ’ ಸ್ವರದಲ್ಲಿ ಮುಗಿಯುತ್ತದೆ. ಕುಸ್ತಿಯನ್ನು, ಕುಸ್ತಿಗೆ, ಕುಸ್ತಿಯಲ್ಲಿ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ತೊಟ್ಟುಕೊಂಡು ಗರಡಿಮನೆಯ ಕೆಮ್ಮಣ್ಣಿನಲ್ಲಿ ತಲೆತಲಾಂತರ ಹೊರಳಿದೆ. ‘ಹರ್ಡಲ್ಸ್’ ಕೊನೆಗೆ ಇರುವ ಒತ್ತಕ್ಷರವನ್ನು ಕನ್ನಡದ ಯಾವ ಶಬ್ದವೂ ಹೊರುವುದಿಲ್ಲ. ‘ಉದ್ದಜಿಗಿತ’, ‘ಗುಂಡು ಎಸೆತ’ಗಳನ್ನು ಒಂದು ದಿನ ಯಾರೋ ಧೈರ್ಯ ಮಾಡಿ ಬರೆದುದರಿಂದಲೇ ಇಂದು ನಿಮ್ಮ ಮೈದಾನದ ಫಲಕದ ಮೇಲಿವೆ. ಮಕ್ಕಳ ಪುಸ್ತಕದಲ್ಲಿ ಆ ಧೈರ್ಯ ಮಾಡದಿದ್ದರೆ ಇನ್ನೆಲ್ಲಿ ಮಾಡುವುದು?

ಹಾವೇರಿಯಿಂದ

ಕೇಳಿದ್ದು ಎರಡು ಹೆಸರು. ಇಬ್ಬರು ಹಿರಿಯರೂ ಒಂದನ್ನೇ ಹಿಡಿದು ಜಗ್ಗುತ್ತಿದ್ದಾರೆ. ಸ್ಟೀಪಲ್‌ಚೇಸ್‌ನಲ್ಲಿ ನೀರಿಲ್ಲದ 28 ಅಡ್ಡಗಳೂ ಮುಂದೆ ನೀರಿನ ಗುಂಡಿಯಿರುವ 7 ಅಡ್ಡಗಳೂ ಇರುತ್ತವೆ. ಅವು ದಪ್ಪ ತೊಲೆಗಳು, ಕಾಲು ತಾಗಿದರೆ ಬೀಳುವುದಿಲ್ಲ. ಅವುಗಳ ಮೇಲೆ ಪಾದ ಊರಿ ದಾಟಲು ನಿಯಮವೇ ಅವಕಾಶ ಕೊಡುತ್ತದೆ. ಒಂದೂರಿನ ಚರ್ಚಿನ ಗೋಪುರದಿಂದ ಇನ್ನೊಂದೂರಿನ ಗೋಪುರದವರೆಗೆ, ನಡುವೆ ಸಿಕ್ಕ ಗೋಡೆ, ತೊರೆಗಳನ್ನೆಲ್ಲ ದಾಟುತ್ತ ಓಡುವ ಪಂದ್ಯ ಅದರ ಮೂಲ. ನಮ್ಮ ಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ಹಾಗೆ ಓಡಿದವನು ಒಡ್ಡು ಹತ್ತಿ ಇಳಿಯುತ್ತಾನೆ, ಹಳ್ಳ ಹಾರುತ್ತಾನೆ. ಒಡ್ಡು ಬೀಳುವುದಿಲ್ಲ, ಅದರ ಮೇಲೆ ಕಾಲಿಡಬಹುದು. ‘ಒಡ್ಡು-ಹಳ್ಳದ ಓಟ’ ಎಂದರೆ ಗೋಪುರದ ಕಥೆಯನ್ನು ಹೇಳುವ ಮೊದಲೇ ಓಟದ ಚಿತ್ರ ಮಗುವಿನ ಕಣ್ಣಿಗೆ ಬರುತ್ತದೆ.

ಹುಬ್ಬಳ್ಳಿಯಿಂದ, ಮತ್ತೆ

ಒಡ್ಡು-ಹಳ್ಳ ಒಪ್ಪಿಗೆ. ಆದರೆ ಸ್ಟೀಪಲ್‌ಚೇಸ್ ಎಂಬ ಹೆಸರೂ ಪಕ್ಕದಲ್ಲಿರಲಿ. ನಾಳೆ ತಾಲ್ಲೂಕು ಕೂಟಕ್ಕೆ ಹೋದ ಮಗುವಿಗೆ ಧ್ವನಿವರ್ಧಕದಲ್ಲಿ ಕೂಗಿದ್ದು ತನ್ನ ಓಟವೆಂದು ತಿಳಿಯಬೇಕು. ಹರ್ಡಲ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಧಾರವಾಡದಿಂದ

ಎಲ್ಲರಿಗೂ ಕೃತಜ್ಞತೆಗಳು. ಗದಗಿನವರ ವ್ಯಾಕರಣವನ್ನೂ ಹುಬ್ಬಳ್ಳಿಯ ಮಾಸ್ತರರ ಮೈದಾನವನ್ನೂ ಬಿಡದೆ ಹೀಗೆ ನಿರ್ಧರಿಸಿದ್ದೇನೆ. ಮಕ್ಕಳೇ ಇಟ್ಟಂಗಿ-ಗಳಕ್ಕೆ ‘ಹರ್ಡಲ್’ ಎಂಬ ಏಕವಚನವನ್ನು ಕೊಟ್ಟಿರುವುದರಿಂದ ವಸ್ತುವಿಗೆ ಅದೇ ಹೆಸರು, ಓಟಕ್ಕೆ ‘ಹರ್ಡಲ್ ಓಟ’, ಅನೇಕವಾದರೆ ‘ಹರ್ಡಲ್‌ಗಳು’. ಇಂಗ್ಲಿಷಿನ ಬಹುವಚನ ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಓಡಿ ಐದನೆಯವರಾದ ಗುರುಬಚನ್ ಸಿಂಗ್ ರಂಧಾವಾ ಅವರ ಪುಟವನ್ನೂ ಹಾಗೆಯೇ ತಿದ್ದಿದ್ದೇನೆ.

ಚಿತ್ರದಡಿಯ ಸಾಲುಗಳು ಇಂದು ರಾತ್ರಿ ಹೀಗೆ ಹೋಗುತ್ತವೆ:

“ಹರ್ಡಲ್ ಓಟ: ದಾರಿಯಲ್ಲಿ ಹತ್ತು ಹರ್ಡಲ್‌ಗಳು. ಕಾಲು ತಾಗಿದರೆ ಉರುಳುತ್ತವೆ; ನೀನು ಓಡುತ್ತಲೇ ಇರಬಹುದು.”

“ಒಡ್ಡು-ಹಳ್ಳದ ಓಟ, ಅಂದರೆ ಸ್ಟೀಪಲ್‌ಚೇಸ್: ಒಟ್ಟು ಮೂವತ್ತೈದು ಒಡ್ಡುಗಳು, ಏಳರ ಮುಂದೆ ನೀರು. ಇವು ಉರುಳುವುದಿಲ್ಲ.”

ಮಗನಿಗೆ ಓದಲು ಕೊಟ್ಟೆ. ಈ ಸಲ ಪೆನ್ಸಿಲ್ ತೆಗೆಯಲಿಲ್ಲ. ನೀರಿನ ಗುಂಡಿ ಎಷ್ಟು ಆಳವಿರುತ್ತದೆ ಎಂದು ಕೇಳಿದ.