ಹೊಳೆ ಕಾಯುವವರಿಗೆ ವರ್ಷಪೂರ್ತಿ ಸಂಬಳ ಬೇಕಾ, ಬೇಡವಾ?

ಭದ್ರಾ ತೀರದವ: ಬಾಳೆಹೊನ್ನೂರು ಕಡೆ ಭದ್ರಾದಲ್ಲಿ ರಾಫ್ಟಿಂಗ್ ನಡೆಯುವುದು ಮಳೆಗಾಲದಲ್ಲಿ. ನೀರು ಇಳಿದ ಮೇಲೆ ಗೈಡ್ ಹುಡುಗರು ಕಾಫಿ ಕೊಯ್ಲಿಗೋ ಡ್ರೈವಿಂಗ್‌ಗೋ ಹೋಗುತ್ತಾರೆ. ಪಳಗಿದವರು ಎಷ್ಟೋ ಜನ ವಾಪಸ್ ಬರುವುದಿಲ್ಲ, ಹೊಸಬರ ಕೈಗೆ ಹುಟ್ಟು. ಇವರಿಗೆ ಸರ್ಕಾರವೇ ವರ್ಷಪೂರ್ತಿ ಸಂಬಳ ಕೊಡಲಿ. ಬೇಸಿಗೆಯಲ್ಲಿ ಹೇಮಾವತಿ, ಯಗಚಿಯಂಥ ಹಾಸನದ ಹೊಳೆಗಳಲ್ಲಿ ಜನ ಈಜಲು ಇಳಿಯುವ ಕಡೆ ಕಾವಲು ನಿಲ್ಲಲಿ.

ಕಾಫಿಗಿಡ: "ಹಾಸನದ ಹೊಳೆಗಳು"? ಸ್ವಾಮಿ, ಹೇಮಾವತಿ ಹುಟ್ಟುವುದು ನಮ್ಮ ಮೂಡಿಗೆರೆ ತಾಲೂಕಿನ ಜಾವಳಿ ಹತ್ತಿರ. ಯಗಚಿಯೂ ಚಿಕ್ಕಮಗಳೂರಿನ ಬೆಟ್ಟದಿಂದಲೇ ಇಳಿಯುವುದು. ಹಾಸನಕ್ಕೆ ಸಿಕ್ಕಿದ್ದು ಹರಿದು ಬಂದ ನೀರು.

ಹಾಸನ್ ಬುಲೆಟ್: ಹರಿದು ಬಂದ ನೀರಂತೆ! ಅಣೆಕಟ್ಟು ಕಟ್ಟಿದ್ದು ಗೊರೂರಲ್ಲಿ, ಮುಳುಗಿದ್ದು ನಮ್ಮ ಊರುಗಳು. ಶೆಟ್ಟಿಹಳ್ಳಿ ಚರ್ಚ್ ಮಳೆಗಾಲದಲ್ಲಿ ಅರ್ಧ ನೀರಲ್ಲಿ ನಿಂತಿರುತ್ತೆ, ನೋಡಿದ್ದೀರಾ? ಫೋಟೊಗೆ ಬಂದು ಕೆಸರಲ್ಲಿ ಸಿಕ್ಕಿಕೊಂಡವರನ್ನು ಎಳೆದು ಹಾಕುವುದು ಅಕ್ಕಪಕ್ಕದ ಹಳ್ಳಿಯವರೇ, ಬಿಡಿಗಾಸು ಸಂಬಳವಿಲ್ಲದೆ.

ಕಾಫಿಗಿಡ: ಸಂಬಳವಿಲ್ಲದೆ ಕೆಲಸ ಆಗುತ್ತೆ ಅಂತ ನೀವೇ ಹೇಳಿದಿರಿ. ಮತ್ತೆ ಚರ್ಚೆ ಯಾಕೆ?

ಕಳಸದಕ್ಕ: ಹೊಳೆಯ ಜಾತಕ ಆಮೇಲೆ ಬರೆಯಿರಿ ಮಾರಾಯ್ರೆ. ಋಷಿಕೇಶದಲ್ಲಿ ಮಳೆಗಾಲ ಬಂದರೆ ರಾಫ್ಟಿಂಗ್ ನಿಲ್ಲಿಸುತ್ತಾರೆ. ನಮ್ಮಲ್ಲಿ ಆಗಲೇ ಶುರು. ಕೆಂಪು ನೀರು, ತೇಲಿ ಬರುವ ಮರದ ದಿಮ್ಮಿ. ಬಿದ್ದವರು ಕಾಲು ಮುಂದೆ ಮಾಡಿ ಅಂಗಾತ ತೇಲಬೇಕು. ಗಾಬರಿಯಲ್ಲಿ ಎದ್ದು ನಿಂತರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿ, ನೀರು ಮೈಯನ್ನು ಒಳಗೆ ಅದುಮುತ್ತೆ. ಇದನ್ನೆಲ್ಲ ದಡದ ಬೋರ್ಡ್ ಹೇಳಿಕೊಡುತ್ತಾ?

ತೆರಿಗೆ ಕಟ್ಟೋನು: ಬೋರ್ಡ್ ಓದದೆ ನೀರಿಗೆ ಇಳಿಯುವ ಬೆಂಗಳೂರಿನವರಿಗೆ ನನ್ನ ದುಡ್ಡು ಯಾಕೆ? ಟಿಕೆಟ್‌ನಲ್ಲೇ ವಸೂಲಿ ಮಾಡಿ.

ಭದ್ರಾ ತೀರದವ: ಟಿಕೆಟ್ ರಾಫ್ಟ್‌ಗೆ ಇದೆ, ದಡಕ್ಕಿಲ್ಲ. ಬಟ್ಟೆ ಬಿಚ್ಚಿ ನೀರಿಗೆ ಹಾರುವವನನ್ನು ಟಿಕೆಟ್ ಕೇಳ್ತೀರಾ? ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ನಮ್ಮಲ್ಲೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಕಲಿಸುವವರಿಗೆ ಬರವಿಲ್ಲ. ಮೂರ್ನಾಲ್ಕು ತಿಂಗಳ ಕೆಲಸ ನಂಬಿಕೊಂಡು ಯಾರು ಹೋಗಿ ಕಲಿಯುತ್ತಾರೆ?

ಹಾಸನ್ ಬುಲೆಟ್: ತಿಮ್ಮಯ್ಯನವರು ಕೊಡಗಿನವರು. ಅದೂ ನಿಮ್ಮದು ಅನ್ನಬೇಡಿ ಮತ್ತೆ 😀

ಕಾಫಿಗಿಡ: ಬೇಲೂರಿನ ಯಗಚಿ ಡ್ಯಾಮಲ್ಲಿ ಬೋಟ್ ಓಡಿಸುವವರು ಮಾತಾಡಬಾರದು. ಅದು ನಿಂತ ನೀರು. ಹೊಳೆ ಅಂದ್ರೆ ಏನು ಅಂತ ನೋಡಬೇಕಾದರೆ ಈ ಕಡೆ ಬನ್ನಿ.

ಹಾಸನ್ ಬುಲೆಟ್: ನಿಂತ ನೀರಲ್ಲಿ ಜನ ಮುಳುಗಲ್ವಾ? ಸುಮ್ನೆ ಬಾಯಿಗೆ ಬಂದಿದ್ದು ಬರೀಬೇಡಿ!

ಕಳಸದಕ್ಕ: ಅಯ್ಯೋ, ಭದ್ರಾ ತೀರದವರು ಮೊದಲಿಂದ ಹೇಳ್ತಿರುವುದೂ ಅದೇ ಅಲ್ವಾ, ಜನ ಇಳಿಯುವ ಕಡೆ ಕಾವಲು ಬೇಕು ಅಂತ? ನಿಂತ ನೀರಿಗೂ ಕಾವಲು ಬೇಕು.

ಹಾಸನ್ ಬುಲೆಟ್: ಬೇಕು. ಆದರೆ ಗೊರೂರಿಗೆ ಹಾಸನದ ಹುಡುಗರನ್ನೇ ಹಾಕಬೇಕು. ಬಾಳೆಹೊನ್ನೂರಿಂದ ಯಾರನ್ನೂ ಕಳಿಸಬೇಡಿ.

ತೆರಿಗೆ ಕಟ್ಟೋನು: ಯಾರನ್ನಾದರೂ ಹಾಕಿ, ದುಡ್ಡು ಎಲ್ಲಿಂದ ಅಂತ ಇನ್ನೂ ಒಬ್ಬರೂ ಹೇಳಿಲ್ಲ.

ಕಾಫಿಗಿಡ: ಹೊಳೆ ಹುಟ್ಟಿಸುವುದು ನಾವು, ನೌಕರಿ ಅವರಿಗಾ?